ರಕ್ತರಸದ ಒಂದು ಕಿಣ್ವ: ವರ್ನರ್ ಕಾಲೋ ಅವರ ಸಂಶೋಧನೆಯೂ ಔಷಧಾಪಾಯದ ಆನುವಂಶಿಕತೆಯೂ

ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಹತ್ತು ಮಂದಿಗೆ ಕೊಟ್ಟರೆ ಹತ್ತು ಮಂದಿಯಲ್ಲಿಯೂ ಅದರ ಪರಿಣಾಮ ಒಂದೇ ತೆರನಾಗಿರುವುದಿಲ್ಲವೆಂಬುದು ವೈದ್ಯರಿಗೆ ಹೊಸ ಸಂಗತಿಯಲ್ಲ. ರೋಗಿಯ ಪ್ರಕೃತಿಯನ್ನು ನೋಡಿ ಮದ್ದು ಕೊಡಬೇಕೆಂಬ ವಿಧಿ ಆಯುರ್ವೇದದಲ್ಲಿ ಬಹುಕಾಲದಿಂದಲೂ ಉಂಟು. ಆದರೆ ಪ್ರಕೃತಿಯೆಂಬ ಮಾತು ವ್ಯತ್ಯಾಸಕ್ಕೆ ಒಂದು ಹೆಸರನ್ನು ಕೊಡುತ್ತದೆಯೇ ಹೊರತು ಅದನ್ನು ಅಳೆದು ತೋರಿಸುವುದಿಲ್ಲ. ಅದು ಎಲ್ಲಿಂದ ಬಂತು, ಮಕ್ಕಳಿಗೆ ಹೇಗೆ ಇಳಿಯುತ್ತದೆ, ಮುಂದಿನ ರೋಗಿಯಲ್ಲಿ ಅದನ್ನು ಮೊದಲೇ ಕಂಡುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದಿಲ್ಲ. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿಯೂ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಹೆಚ್ಚುಕಡಮೆ ಇದೇ ಸ್ಥಿತಿಯಿದ್ದಿತು. ಔಷಧದಿಂದ ಅನಿರೀಕ್ಷಿತವಾಗಿ ಅಪಾಯವಾದರೆ ಅದಕ್ಕೆ ದುರದೃಷ್ಟವೆಂದೋ ರೋಗಿಯ ವೈಲಕ್ಷಣ್ಯವೆಂದೋ ಹೇಳಿ ಸುಮ್ಮನಾಗುತ್ತಿದ್ದರು. ಇಂಥ ಅಪಾಯಗಳಲ್ಲಿ ಕೆಲವಾದರೂ ಮೆಂಡೆಲನ ಬಟಾಣಿ ಗಿಡಗಳಷ್ಟೇ ನಿಯಮಬದ್ಧವಾಗಿ ನಡೆಯುತ್ತವೆಂಬುದನ್ನು ಪ್ರಯೋಗಾಲಯದಲ್ಲಿ ಅಳೆದು ತೋರಿಸಿದವರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವರ್ನರ್ ಕಾಲೋ ಅವರು ಮೊದಲ ಸಾಲಿನವರು. ಅವರ ಕೆಲಸದ ಪರಿಚಯವನ್ನು ಮಾಡಿಕೊಡುವುದೂ, ಅದರ ಒಂದು ಮುಂದುವರಿಕೆ ನಮ್ಮ ದಕ್ಷಿಣ ಭಾರತದ ಶಸ್ತ್ರಚಿಕಿತ್ಸಾಲಯಗಳಿಗೆ ಎಷ್ಟು ಹತ್ತಿರದ್ದೆಂಬುದನ್ನು ತೋರಿಸುವುದೂ ಈ ಲೇಖನದ ಉದ್ದೇಶ.

ಕಾಲೋ ಅವರು ಹುಟ್ಟಿದ್ದು ೧೯೧೭ರಲ್ಲಿ, ಜರ್ಮನಿಯ ಕಾಟ್‌ಬುಸ್ ಎಂಬ ಊರಿನಲ್ಲಿ. ಓದಿದ್ದು ವೈದ್ಯವಿದ್ಯೆ. ಯುದ್ಧಾನಂತರದ ಬರ್ಲಿನ್ನಿನಲ್ಲಿ ಔಷಧವಿಜ್ಞಾನದ ಕಡೆಗೆ ತಿರುಗಿ, ೧೯೪೯ರಲ್ಲಿ ಅಮೆರಿಕಕ್ಕೂ ೧೯೫೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರಕ್ಕೂ ಬಂದರು. ೨೦೦೮ರಲ್ಲಿ ತೀರಿಕೊಳ್ಳುವವರೆಗೆ ಅವರ ವಿದ್ವಜ್ಜೀವನವೆಲ್ಲ ಆ ಊರಿನ ವಿಶ್ವವಿದ್ಯಾಲಯದೊಡನೆಯೇ ಹೆಣೆದುಕೊಂಡಿತ್ತು. ೧೯೬೬ರಿಂದ ಹತ್ತು ವರ್ಷಕ್ಕೂ ಮೀರಿ ಅಲ್ಲಿಯ ಔಷಧವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ಇಷ್ಟು ಹೇಳಿದರೆ ಹೊರಗಿನ ಚರಿತ್ರೆ ಮುಗಿದಂತೆಯೇ. ವಿಜ್ಞಾನಿಯೊಬ್ಬನ ಜೀವನದಲ್ಲಿ ನಾವು ನೋಡಬೇಕಾದದ್ದು ಅವನು ಯಾವ ಪ್ರಶ್ನೆಯನ್ನು ಹಿಡಿದನು, ಅದನ್ನು ಎಷ್ಟು ಕಾಲ ಬಿಡದೆ ಹಿಡಿದಿದ್ದನು ಎಂಬುದನ್ನು.

ಅವರು ಹಿಡಿದ ಮೊದಲ ಪ್ರಶ್ನೆ ಸಣ್ಣದು. ಪ್ರೊಕೇನ್ ಮೊದಲಾದ ಸ್ಥಳೀಯ ಅರಿವಳಿಕೆಗಳು ರಕ್ತಕ್ಕೆ ಸೇರಿದ ಮೇಲೆ ಏನಾಗುತ್ತವೆ? ರಕ್ತರಸದಲ್ಲಿರುವ ಕೋಲಿನೆಸ್ಟರೇಸ್ ಎಂಬ ಕಿಣ್ವ ಅವುಗಳನ್ನು ಒಡೆದು ನಿರುಪದ್ರವಿಗಳನ್ನಾಗಿ ಮಾಡುತ್ತದೆ. ಈ ಒಡೆಯುವಿಕೆಯ ವೇಗವನ್ನು ಅಳೆಯಲು ಕಾಲೋ ಅವರು ನೇರಳಾತೀತ ಬೆಳಕನ್ನು ಬಳಸಿಕೊಂಡರು. ಒಡೆಯದ ವಸ್ತು ಒಂದು ನಿರ್ದಿಷ್ಟ ತರಂಗದ ಬೆಳಕನ್ನು ಹೀರುತ್ತದೆ. ಒಡೆದಂತೆಲ್ಲ ಆ ಹೀರಿಕೆ ಇಳಿಯುತ್ತದೆ. ಆದ್ದರಿಂದ ಒಂದು ಹನಿ ರಕ್ತರಸವನ್ನು ಬಹಳ ತಿಳಿಯಾಗಿ ಕರಗಿಸಿಟ್ಟು, ಉಪಕರಣದ ಮುಳ್ಳನ್ನು ನೋಡುತ್ತ ಕುಳಿತರೆ ಕಿಣ್ವದ ಕೆಲಸವನ್ನು ನಿಮಿಷ ನಿಮಿಷಕ್ಕೆ ಓದಬಹುದು. ಈ ವಿಷಯದ ಅವರ ಪ್ರಬಂಧ ೧೯೫೨ರಲ್ಲಿ ಪ್ರಕಟವಾಯಿತು. ಮುಂದೆ ಬಂದ ದೊಡ್ಡ ಫಲವೆಲ್ಲ ಈ ಸಣ್ಣ ಉಪಾಯದಿಂದ ಬಂದುದೆಂಬುದನ್ನು ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಗಮನಿಸಬೇಕು. ಕಿಣ್ವ ಎಲ್ಲರಿಗೂ ಗೊತ್ತಿದ್ದಿತು, ಅದನ್ನು ಅತ್ಯಲ್ಪ ಪ್ರಮಾಣದ ವಸ್ತುವಿನೊಡನೆ ಅಳೆಯುವ ದಾರಿ ಅವರ ಕೈಯಲ್ಲಿದ್ದಿತು.

ಅದೇ ಕಾಲಕ್ಕೆ ಶಸ್ತ್ರಚಿಕಿತ್ಸಾಲಯಗಳಿಗೆ ಸಕ್ಸಿನೈಲ್‌ಕೋಲಿನ್ ಎಂಬ ಹೊಸ ಔಷಧ ಬಂದಿತು. ಇದರ ಗುಣವನ್ನು ೧೯೪೯ರಲ್ಲಿ ಬೋವೆ ಮತ್ತು ಅವರ ಸಹೋದ್ಯೋಗಿಗಳು ವರ್ಣಿಸಿದ್ದರು. ೧೯೫೧ರಿಂದ ರೋಗಿಗಳಲ್ಲಿ ಬಳಕೆಗೆ ಬಂತು. ಇದನ್ನು ರಕ್ತನಾಳಕ್ಕೆ ಚುಚ್ಚಿದ ಒಂದು ನಿಮಿಷದೊಳಗೆ ದೇಹದ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಉಸಿರಾಟದ ಸ್ನಾಯುಗಳೂ ಸೇರಿ. ಅರಿವಳಿಕೆ ವೈದ್ಯನು ಆ ಬಿಡುವಿನಲ್ಲಿ ರೋಗಿಯ ಶ್ವಾಸನಾಳಕ್ಕೆ ನಳಿಗೆಯನ್ನು ಇಳಿಸುತ್ತಾನೆ. ಐದಾರು ನಿಮಿಷದಲ್ಲಿ ಔಷಧದ ಪ್ರಭಾವ ಕಳೆದು ರೋಗಿ ತಾನೇ ಉಸಿರಾಡತೊಡಗುತ್ತಾನೆ. ಇಷ್ಟು ಬೇಗ ಏರಿ ಇಷ್ಟು ಬೇಗ ಇಳಿಯುವ ಔಷಧ ಅಂದಿಗೆ ಬೇರೊಂದಿರಲಿಲ್ಲ. ಇಂದಿಗೂ ಇದು ಬಳಕೆಯಲ್ಲಿದೆ. ಬೇಗ ಇಳಿಯುವುದಕ್ಕೆ ಕಾರಣ, ನಾವು ಈಗ ಹೇಳಿದ ಕಿಣ್ವವೇ. ಚುಚ್ಚಿದ ಔಷಧದಲ್ಲಿ ಬಹುಭಾಗವನ್ನು ಅದು ದಾರಿಯಲ್ಲಿಯೇ, ರಕ್ತದಲ್ಲಿಯೇ, ಒಡೆದುಹಾಕುತ್ತದೆ. ನರವೂ ಸ್ನಾಯುವೂ ಸಂಧಿಸುವ ಸ್ಥಳವನ್ನು ಮುಟ್ಟುವುದು ಸ್ವಲ್ಪ ಭಾಗ ಮಾತ್ರ. ವೈದ್ಯನು ಲೆಕ್ಕ ಹಾಕಿ ಕೊಡುವ ಪ್ರಮಾಣದಲ್ಲಿ ಈ ನಷ್ಟವೂ ಸೇರಿಯೇ ಇರುತ್ತದೆ.

ಹಾಗಾದರೆ ಕಿಣ್ವ ಕೆಲಸ ಮಾಡದವನ ಗತಿ ಏನು? ಅವನಿಗೆ ವಾಸ್ತವವಾಗಿ ಹಲವು ಪಟ್ಟು ಔಷಧವನ್ನು ಕೊಟ್ಟಂತಾಗುತ್ತದೆ. ಐದು ನಿಮಿಷಕ್ಕೆ ಬರಬೇಕಾದ ಉಸಿರು ಗಂಟೆಗಟ್ಟಲೆ ಬರುವುದಿಲ್ಲ. ಕೃತಕ ಉಸಿರಾಟವನ್ನು ಬಿಡದೆ ನಡೆಸಿದರೆ ರೋಗಿಗೆ ಜೀವಾಪಾಯವಿಲ್ಲ, ನಿಲ್ಲಿಸಿದರೆ ಉಳಿಯುವುದಿಲ್ಲ. ಇನ್ನೂ ಒಂದು ಕಷ್ಟವುಂಟು. ನಿದ್ದೆಯ ಔಷಧ ಮೊದಲೇ ಇಳಿದು ರೋಗಿಗೆ ಎಚ್ಚರವಾಗಬಹುದು. ಆಗ ಅವನಿಗೆ ಎಲ್ಲವೂ ಕೇಳಿಸುತ್ತದೆ, ಆದರೆ ರೆಪ್ಪೆಯನ್ನು ಕೂಡ ಅಲುಗಿಸಲಾರ. ಈ ಅವಸ್ಥೆಯನ್ನು ಅರಿತ ವೈದ್ಯನು ಉಸಿರಾಟದ ಜೊತೆಗೆ ನಿದ್ದೆಯನ್ನೂ ಮುಂದುವರಿಸುತ್ತಾನೆ. ಅರಿಯದವನು ಗಾಬರಿಗೊಳ್ಳುತ್ತಾನೆ.

ಔಷಧ ಬಳಕೆಗೆ ಬಂದ ಮೊದಲ ವರ್ಷಗಳಲ್ಲಿಯೇ ಇಂಥ ಪ್ರಸಂಗಗಳು ವರದಿಯಾದವು. ೧೯೫೨ರಲ್ಲಿ ಇಂಗ್ಲೆಂಡಿನ ವೈದ್ಯರು ಅಂಥ ರೋಗಿಗಳ ರಕ್ತರಸದಲ್ಲಿ ಕೋಲಿನೆಸ್ಟರೇಸಿನ ಕಾರ್ಯ ತೀರ ಕಡಮೆಯೆಂದು ಕಂಡರು. ಯಕೃತ್ತಿನ ರೋಗದಲ್ಲಿಯೂ ಅಪೌಷ್ಟಿಕತೆಯಲ್ಲಿಯೂ ಈ ಕಿಣ್ವ ಇಳಿಯುವುದು ತಿಳಿದ ಸಂಗತಿಯಾಗಿದ್ದಿತು. ಆದರೆ ಈ ರೋಗಿಗಳಲ್ಲಿ ಕೆಲವರು ದೃಢಕಾಯರು. ೧೯೫೬ರಲ್ಲಿ ಲೇಮನ್ ಮತ್ತು ರಯನ್ ಎಂಬವರು, ಈ ಕೊರತೆ ಒಂದೇ ಮನೆತನದ ಹಲವರಲ್ಲಿ ಕಾಣುವುದನ್ನು ತೋರಿಸಿದರು. ಪ್ರಸಂಗವಶಾತ್ ಹೇಳಬಹುದಾದ ಮಾತು: ಈ ಹರ್ಮನ್ ಲೇಮನ್ ನಮ್ಮ ಕಡೆಗೆ ಅಪರಿಚಿತರಲ್ಲ, ನೀಲಗಿರಿಯ ಗಿರಿಜನರ ರಕ್ತದಲ್ಲಿ ಕುಡುಗೋಲು ಕಣಗಳಿರುವುದನ್ನು ೧೯೫೨ರಲ್ಲಿ ವರದಿ ಮಾಡಿದವರಲ್ಲಿ ಒಬ್ಬರು ಅವರೇ.

ಕಿಣ್ವದ ಕೊರತೆಯೆಂದರೆ ಕಿಣ್ವದ ಮೊತ್ತ ಕಡಮೆಯೆಂದೇ ಎಲ್ಲರೂ ತಿಳಿದಿದ್ದರು. ಕಾಲೋ ಅವರ ನಿಜವಾದ ಹೆಜ್ಜೆ ಇಲ್ಲಿದೆ. ಅವರು ಕೇಳಿದ ಪ್ರಶ್ನೆ: ಇವರಲ್ಲಿ ಕಿಣ್ವ ಕಡಮೆಯಾಗಿದೆಯೋ, ಅಥವಾ ಕಿಣ್ವವೇ ಬೇರೆಯಾಗಿದೆಯೋ? ಊರಿಗೆ ಹಿಟ್ಟು ಸಾಲದೆ ಬಂದರೆ ಎರಡು ಕಾರಣಗಳಿರಬಹುದು. ಬೀಸುವ ಕಲ್ಲುಗಳು ಎಣಿಕೆಯಲ್ಲಿ ಕಡಮೆಯಿರಬಹುದು. ಅಥವಾ ಕಲ್ಲುಗಳು ಬೇಕಾದಷ್ಟಿದ್ದು, ನುಣುಪಾಗಿ ಸವೆದು, ಕಾಳನ್ನು ಹಿಡಿಯದೆ ಇರಬಹುದು. ರಾಶಿ ರಾಶಿ ಕಾಳನ್ನು ಸುರಿದರೆ ಸವೆದ ಕಲ್ಲು ಕೂಡ ಅಷ್ಟಿಷ್ಟು ಅರೆಯುತ್ತದೆ. ಒಂದೊಂದೇ ಕಾಳು ಬಿದ್ದಾಗ ಅದರ ದೋಷ ಬಯಲಾಗುತ್ತದೆ. ಹಳೆಯ ಪರೀಕ್ಷೆಗಳು ಕಿಣ್ವಕ್ಕೆ ರಾಶಿಗಟ್ಟಲೆ ವಸ್ತುವನ್ನು ಒಡ್ಡುತ್ತಿದ್ದವು. ರೋಗಿಯ ರಕ್ತದಲ್ಲಿ ಸಕ್ಸಿನೈಲ್‌ಕೋಲಿನ್ ಇರುವುದು ಅತ್ಯಲ್ಪವಾಗಿ. ಕಾಲೋ ಅವರ ನೇರಳಾತೀತ ವಿಧಾನ ಅಷ್ಟೇ ಅಲ್ಪವಾದ ವಸ್ತುವಿನೊಡನೆ ಅಳೆಯಬಲ್ಲುದಾಗಿದ್ದಿತು. ಅಳೆದು ನೋಡಿದಾಗ, ಈ ರೋಗಿಗಳ ಕಿಣ್ವಕ್ಕೆ ವಸ್ತುವನ್ನು ಹಿಡಿಯುವ ಶಕ್ತಿಯೇ ಕಡಮೆಯೆಂದು ಗೊತ್ತಾಯಿತು.

ಆದರೆ ಆಸ್ಪತ್ರೆಯಲ್ಲಿ ಪ್ರತಿಯೊಬ್ಬನ ಕಿಣ್ವಕ್ಕೂ ಇಂಥ ಸೂಕ್ಷ್ಮ ಪರೀಕ್ಷೆ ನಡೆಸುವುದು ಸಾಧ್ಯವಿಲ್ಲವಷ್ಟೆ. ಅದಕ್ಕಾಗಿ ೧೯೫೭ರಲ್ಲಿ ಕಾಲೋ ಮತ್ತು ಜೆನೆಸ್ಟ್ ಅವರು ಒಂದು ಸುಲಭವಾದ ಅಂಕೆಯನ್ನು ನಿರ್ಮಿಸಿದರು. ಡೈಬುಕೇನ್ ಎಂಬುದು ಇನ್ನೊಂದು ಸ್ಥಳೀಯ ಅರಿವಳಿಕೆ. ಅದು ಸಾಮಾನ್ಯ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ. ಬೆಂಜಾಯ್ಲ್‌ಕೋಲಿನ್ ಎಂಬ ವಸ್ತುವನ್ನು ಒಡೆಯಲು ರಕ್ತರಸಕ್ಕೆ ಕೊಟ್ಟು, ಡೈಬುಕೇನ್ ಇಲ್ಲದೆ ಒಮ್ಮೆಯೂ ನಿಗದಿಯಾದ ಅಲ್ಪಪ್ರಮಾಣದ ಡೈಬುಕೇನ್ ಬೆರೆಸಿ ಒಮ್ಮೆಯೂ ವೇಗವನ್ನು ಅಳೆದರೆ, ಕೆಲಸ ನೂರಕ್ಕೆ ಎಷ್ಟು ತಡೆಯಲ್ಪಟ್ಟಿತೆಂಬುದು ತಿಳಿಯುತ್ತದೆ. ಇದೇ ಡೈಬುಕೇನ್ ಸಂಖ್ಯೆ. ಸಾಮಾನ್ಯರಲ್ಲಿ ಇದು ೮೦ರ ಸುಮಾರು. ಅಪಾಯಕ್ಕೆ ಒಳಗಾದ ರೋಗಿಗಳಲ್ಲಿ ೨೦ರ ಸುಮಾರು. ಏಕೆಂದರೆ ಸಕ್ಸಿನೈಲ್‌ಕೋಲಿನನ್ನು ಹಿಡಿಯಲಾರದ ಕಿಣ್ವವನ್ನು ಡೈಬುಕೇನ್ ಕೂಡ ಹಿಡಿಯಲಾರದು. ಈ ಸಂಖ್ಯೆಯ ಸೊಗಸು ಅದು ಕೇವಲ ಒಂದು ಪ್ರಮಾಣವಾಗಿರುವುದರಲ್ಲಿದೆ. ರೋಗಿ ಬಡಕಲಾಗಿ ಕಿಣ್ವ ಅರ್ಧಕ್ಕೆ ಇಳಿದಿದ್ದರೂ, ಪುಷ್ಟನಾಗಿ ತುಂಬಿದ್ದರೂ ತಡೆಯ ಶೇಕಡಾವಾರು ಬದಲಾಗುವುದಿಲ್ಲ. ಇದ್ದ ಕಿಣ್ವದ ಮೊತ್ತವನ್ನು ಬದಿಗಿಟ್ಟು ಅದರ ಜಾತಿಯನ್ನು ಮಾತ್ರ ಹೇಳುವ ಅಂಕೆಯಿದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ಒಂದು ತೊಡಕು ಬರಲಿದೆ.

ರೋಗಿಗಳ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಿದಾಗ ಮೂರನೆಯ ಗುಂಪೊಂದು ಕಂಡಿತು. ಅವರ ಸಂಖ್ಯೆ ೬೦ರ ಸುಮಾರು. ರೋಗಿಯ ತಂದೆಯೂ ತಾಯಿಯೂ ಸಾಮಾನ್ಯವಾಗಿ ಈ ನಡುವಣ ಗುಂಪಿನವರು. ಅಂದರೆ ಅವರಲ್ಲಿ ಒಂದು ಜೀನು ಸಾಮಾನ್ಯ ಕಿಣ್ವವನ್ನೂ ಅದರ ಜೊತೆಯ ಜೀನು ವಿಲಕ್ಷಣ ಕಿಣ್ವವನ್ನೂ ಮಾಡುತ್ತದೆ. ರಕ್ತದಲ್ಲಿ ಎರಡೂ ಬೆರೆತಿರುತ್ತವೆ. ಯೂರೋಪಿನ ಮೂಲದ ಜನರಲ್ಲಿ ಎರಡು ಜೀನುಗಳೂ ವಿಲಕ್ಷಣವಾಗಿರುವವರು ಸುಮಾರು ೨,೫೦೦ರಿಂದ ೩,೦೦೦ ಮಂದಿಯಲ್ಲಿ ಒಬ್ಬರು. ತರಗತಿಯಲ್ಲಿ ಲೆಕ್ಕ ಮಾಡಿಸುವುದಕ್ಕೆ ಇದು ಒಳ್ಳೆಯ ಉದಾಹರಣೆ: ೨,೫೦೦ರಲ್ಲಿ ಒಬ್ಬನೆಂದರೆ ಜೀನಿನ ಪ್ರಮಾಣ ಅದರ ವರ್ಗಮೂಲ, ಐವತ್ತರಲ್ಲಿ ಒಂದು, ಆದ್ದರಿಂದ ಒಂದು ಜೀನನ್ನು ಮಾತ್ರ ಹೊತ್ತವರು ಸುಮಾರು ಇಪ್ಪತ್ತೈದು ಮಂದಿಯಲ್ಲಿ ಒಬ್ಬರು. ಅಪಾಯಕ್ಕೊಳಗಾಗುವವನು ಅಪರೂಪ, ಅಪಾಯವನ್ನು ಸಾಗಿಸುವವರು ಪ್ರತಿಯೊಂದು ತರಗತಿಯಲ್ಲಿಯೂ ಕುಳಿತಿರುತ್ತಾರೆ.

ಈ ಅಣುವಿನ ಒಳಗೆ ಏನು ಬದಲಾಗಿದೆಯೆಂಬುದು ತಿಳಿಯಲು ಇನ್ನೂ ಮೂವತ್ತು ವರ್ಷಗಳು ಬೇಕಾದವು. ೫೭೪ ಅಮೈನೋ ಆಮ್ಲಗಳ ಸರಪಣಿಯಲ್ಲಿ ಎಪ್ಪತ್ತನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವಿರಬೇಕಾದಲ್ಲಿ ಗ್ಲೈಸಿನ್ ಇರುವುದೇ ವಿಲಕ್ಷಣತೆಯ ಮೂಲವೆಂದು ೧೯೮೯ರಲ್ಲಿ ತೋರಿಸಲಾಯಿತು. ಆಸ್ಪಾರ್ಟಿಕ್ ಆಮ್ಲಕ್ಕೆ ಋಣವಿದ್ಯುದಂಶವುಂಟು. ಅದು ಕೋಲಿನಿನ ಧನವಿದ್ಯುದಂಶವನ್ನು ತನ್ನೆಡೆಗೆ ಸೆಳೆಯುತ್ತದೆ. ಗ್ಲೈಸಿನ್ನಿಗೆ ಆ ಸೆಳೆತವಿಲ್ಲ. ೧೯೫೭ರಲ್ಲಿ ಕೇವಲ ವೇಗಗಳನ್ನು ಅಳೆದು ಊಹಿಸಿದ ಹಿಡಿತದ ದೋಷ ಅಕ್ಷರಶಃ ನಿಜವಾಗಿದ್ದಿತು.

೧೯೫೭ರ ಸುಮಾರಿಗೆ ಇಂಥ ಇತರ ಸಂಗತಿಗಳೂ ಬೇರೆ ಬೇರೆ ಕಡೆ ಒಟ್ಟುಗೂಡುತ್ತಿದ್ದವು. ಮಲೇರಿಯದ ಔಷಧವಾದ ಪ್ರೈಮಾಕ್ವಿನಿನಿಂದ ಕೆಲವರ ಕೆಂಪು ರಕ್ತಕಣಗಳು ಒಡೆಯುವುದು ಒಂದು ಕಿಣ್ವದ ಕೊರತೆಯಿಂದೆಂದು ೧೯೫೬ರಲ್ಲಿ ಷಿಕಾಗೊ ನಗರದ ಸಂಶೋಧಕರು ಕಂಡುಕೊಂಡಿದ್ದರು. ೧೯೫೭ರಲ್ಲಿ ಆರ್ನೊ ಮೊಟುಲ್‌ಸ್ಕಿ ಇವನ್ನೆಲ್ಲ ಒಟ್ಟಿಗೆ ನೋಡಿ, ಔಷಧದ ದುಷ್ಪರಿಣಾಮಗಳನ್ನು ಆನುವಂಶಿಕತೆಯ ದೃಷ್ಟಿಯಿಂದ ಪರಿಶೀಲಿಸಬೇಕೆಂದು ಬರೆದರು. ೧೯೫೯ರಲ್ಲಿ ಜರ್ಮನಿಯ ಫ್ರೀಡ್ರಿಷ್ ಫೋಗಲ್ ಈ ವಿಭಾಗಕ್ಕೆ ಫಾರ್ಮಕೊಜೆನೆಟಿಕ್ಸ್ ಎಂದು ಹೆಸರಿಟ್ಟರು. ಈ ಹೆಸರಿನ ಮೊದಲ ಗ್ರಂಥವನ್ನು ೧೯೬೨ರಲ್ಲಿ ಬರೆದವರು ಕಾಲೋ ಅವರು. ನಮ್ಮ ನೆರೆಯಲ್ಲಿಯೇ, ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ, ಐಸೊನಯಜಿಡ್ ಔಷಧವನ್ನು ನಿಧಾನವಾಗಿ ಕಳೆಯುವ ರೋಗಿಗಳಲ್ಲಿ ನರಗಳ ಬೇನೆ ಹೆಚ್ಚೆಂಬುದನ್ನು ಆ ವರ್ಷಗಳಲ್ಲಿಯೇ ಗುರುತಿಸಿದ್ದರೆಂಬುದನ್ನು ಇಲ್ಲಿ ಸೇರಿಸಬೇಕು.

ಕಾಲೋ ಅವರ ಎರಡನೆಯ ದೊಡ್ಡ ಕೆಲಸವೂ ಶಸ್ತ್ರಚಿಕಿತ್ಸಾಲಯದಿಂದಲೇ ಬಂದುದು. ೧೯೬೦ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಿಂದ ಡೆನ್‌ಬರೊ ಮತ್ತು ಲೋವೆಲ್ ಎಂಬವರು ಒಂದು ಸಣ್ಣ ಪತ್ರವನ್ನು ಪ್ರಕಟಿಸಿದ್ದರು. ಕಾಲು ಮುರಿದುಕೊಂಡು ಬಂದ ೨೧ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಕಾಲಿಗಿಂತ ಅರಿವಳಿಕೆಯ ಭಯವೇ ಹೆಚ್ಚಾಗಿದ್ದಿತು. ಏಕೆಂದರೆ ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರಿನ ಅರಿವಳಿಕೆಯಲ್ಲಿ ತೀರಿಹೋಗಿದ್ದರು. ವೈದ್ಯರು ಹ್ಯಾಲೊಥೇನ್ ಎಂಬ ಹೊಸ ಅರಿವಳಿಕೆಯನ್ನು ಕೊಟ್ಟರು. ಅದರಲ್ಲಿಯೂ ಅವನ ಸ್ಥಿತಿ ಕೆಟ್ಟಿತು, ಅದೃಷ್ಟವಶಾತ್ ಉಳಿದುಕೊಂಡನು. ಮನೆಯವರು ಹೇಳಿದ ಮಾತನ್ನು ವೈದ್ಯರು ಬರೆದಿಟ್ಟುದರಿಂದ ಒಂದು ರೋಗವೇ ಬೆಳಕಿಗೆ ಬಂದಿತು. ಅರಿವಳಿಕೆಯ ಅನಿಲಗಳಿಂದಲೂ ಸಕ್ಸಿನೈಲ್‌ಕೋಲಿನಿನಿಂದಲೂ ಕೆಲವು ಮನೆತನದವರ ಸ್ನಾಯುಗಳು ಬಿರುಸಾಗಿ ಸೆಡೆತುಕೊಂಡು, ದೇಹದ ಉಷ್ಣತೆ ಮಿತಿಮೀರಿ ಏರುತ್ತದೆ. ಇದಕ್ಕೆ ಮಾರಕ ಅತ್ಯುಷ್ಣತೆಯೆಂದು ಹೆಸರಾಯಿತು. ಇಲ್ಲಿ ರಕ್ತದ ಕಿಣ್ವದಲ್ಲಿ ದೋಷವಿಲ್ಲ, ದೋಷವಿರುವುದು ಸ್ನಾಯುವಿನಲ್ಲಿ. ಟೊರಾಂಟೊದ ಅರಿವಳಿಕೆ ವೈದ್ಯೆ ಬೆವರ್ಲಿ ಬ್ರಿಟ್ ಮೊದಲಾದವರೊಡನೆ ಸೇರಿ ಕಾಲೋ ಅವರು, ಅಪಾಯದಿಂದ ಪಾರಾದವರ ಸ್ನಾಯುವಿನ ಚಿಕ್ಕ ತುಣುಕನ್ನು ತೆಗೆದು ಅದಕ್ಕೆ ಕೆಫೀನ್ ಸೋಕಿಸಿದರೆ ಅದು ಸಾಮಾನ್ಯ ಸ್ನಾಯುವಿಗಿಂತ ಬೇಗ ಸೆಡೆಯುವುದನ್ನು ೧೯೭೦ರಲ್ಲಿ ತೋರಿಸಿದರು. ಶಸ್ತ್ರಚಿಕಿತ್ಸೆಗೆ ಮೊದಲೇ ಮನೆತನದವರನ್ನು ಪರೀಕ್ಷಿಸುವ ದಾರಿ ಇದರಿಂದ ದೊರೆಯಿತು. ೧೯೭೧ರಲ್ಲಿ ಈ ವಿಷಯದ ಮೊದಲ ಅಂತರರಾಷ್ಟ್ರೀಯ ವಿಚಾರಗೋಷ್ಠಿ ಟೊರಾಂಟೊದಲ್ಲಿ ನಡೆಯಿತು. ೧೯೭೫ರಲ್ಲಿ ಡ್ಯಾಂಟ್ರೊಲೀನ್ ಹಂದಿಗಳಲ್ಲಿ ಇದನ್ನು ತಡೆಯುತ್ತದೆಂದು ಗೊತ್ತಾಯಿತು. ೧೯೯೦ರಲ್ಲಿ ಜೀನಿನ ಸುಳಿವು ಸಿಕ್ಕಿತು. ಹಿಂದೆ ಈ ಆಪತ್ತಿಗೆ ಸಿಕ್ಕಿದವರಲ್ಲಿ ಬಹುಮಂದಿ ಸಾಯುತ್ತಿದ್ದರು, ಈಗ ಬಹುಮಂದಿ ಬದುಕುತ್ತಾರೆ.

ಎಪ್ಪತ್ತರ ದಶಕದ ಕೊನೆಯಿಂದ ಅವರ ಗಮನ ಬೇರೊಂದು ದಿಕ್ಕಿಗೆ ಹರಿಯಿತು. ಲಂಡನ್ನಿನ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ ಡೆಬ್ರಿಸೊಕ್ವಿನ್ ಎಂಬ ರಕ್ತದೊತ್ತಡದ ಔಷಧವನ್ನು ಪ್ರಯೋಗಕ್ಕೆಂದು ತಾನೇ ನುಂಗಿ ಕುಸಿದುಬಿದ್ದನು. ಜೊತೆಯಲ್ಲಿ ನುಂಗಿದವರಿಗೆ ಅಂಥದೇನೂ ಆಗಲಿಲ್ಲ. ಅವನಲ್ಲಿ ಔಷಧವನ್ನು ಕಳೆಯುವ ಯಕೃತ್ತಿನ ಕಿಣ್ವ ಕೆಲಸ ಮಾಡುತ್ತಿರಲಿಲ್ಲವೆಂದು ಮುಂದೆ ತಿಳಿಯಿತು. ಯೂರೋಪಿನ ಮೂಲದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಹೀಗಿರುತ್ತಾರೆ. ಇದೇ ಪರೀಕ್ಷೆಯನ್ನು ಕಾಲೋ ಮತ್ತು ಅವರ ಜೊತೆಗಾರರು ಟೊರಾಂಟೊದಲ್ಲಿದ್ದ ಪೂರ್ವ ಏಷ್ಯದ ಮೂಲದವರಲ್ಲಿ ನಡೆಸಿ, ಚಿತ್ರ ಬೇರೆಯಾಗಿರುವುದನ್ನು ೧೯೮೦ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಜನಾಂಗ ಜನಾಂಗಗಳ ನಡುವಣ ಔಷಧಭೇದ ಅವರ ಮುಖ್ಯ ವಿಷಯವಾಯಿತು. ಒಂದು ದೇಶದಲ್ಲಿ ಪರೀಕ್ಷಿಸಿ ನಿಗದಿಮಾಡಿದ ಪ್ರಮಾಣವನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಕೊಂಡೊಯ್ಯಬಾರದೆಂದು ಅವರು ಎಚ್ಚರಿಸಿದರು. ಅವರ ಡೈಬುಕೇನ್ ಸಂಖ್ಯೆಗೇ ಈ ಎಚ್ಚರಿಕೆ ಅನ್ವಯಿಸುವುದನ್ನು ಈಗ ನೋಡೋಣ.

೧೯೬೨ರಲ್ಲಿ ಲಿಡೆಲ್, ಲೇಮನ್ ಮತ್ತು ಸಿಲ್ಕ್ ಅವರು ಕೋಲಿನೆಸ್ಟರೇಸಿನ ಇನ್ನೊಂದು ಜೀನನ್ನು ವರ್ಣಿಸಿದರು. ಅದಕ್ಕೆ ಮೂಕ ಜೀನು ಎಂದು ಹೆಸರು. ವಿಲಕ್ಷಣ ಜೀನು ದೋಷಯುಕ್ತ ಕಿಣ್ವವನ್ನಾದರೂ ಮಾಡುತ್ತದೆ. ಮೂಕ ಜೀನಿನಿಂದ ಕೆಲಸ ಮಾಡುವ ಕಿಣ್ವ ಹುಟ್ಟುವುದೇ ಇಲ್ಲ. ಎರಡು ಜೀನುಗಳೂ ಮೂಕವಾಗಿರುವವನಲ್ಲಿ ತಡೆಯುವುದಕ್ಕೆ ಕೆಲಸವೇ ಇಲ್ಲವಾದ್ದರಿಂದ ಡೈಬುಕೇನ್ ಸಂಖ್ಯೆಗೆ ಅರ್ಥವಿಲ್ಲ. ಒಂದು ಜೀನು ಮಾತ್ರ ಮೂಕವಾಗಿರುವವನಲ್ಲಿ ಇರುವ ಅರ್ಧ ಕಿಣ್ವವೆಲ್ಲ ಸಾಮಾನ್ಯ ಜಾತಿಯದು. ಆದುದರಿಂದ ಅವನ ಸಂಖ್ಯೆ ೮೦ ಎಂದೇ ಬರುತ್ತದೆ, ಅವನು ಸಾಮಾನ್ಯನೆಂದೇ ಎಣಿಕೆಯಾಗುತ್ತಾನೆ. ಮೊತ್ತವನ್ನು ಬದಿಗಿಡುವುದು ಯಾವ ಅಂಕೆಯ ಗುಣವೋ ಅದೇ ಇಲ್ಲಿ ಅದರ ಕುಂದಾಯಿತು. ಟೊರಾಂಟೊದಲ್ಲಿ ಈ ಕುಂದು ದೊಡ್ಡದಲ್ಲ, ಏಕೆಂದರೆ ಅಲ್ಲಿಯ ಜನರಲ್ಲಿ ಮೂಕ ಜೀನು ಬಹಳ ವಿರಳ. ಎಲ್ಲ ಕಡೆಯೂ ಹಾಗಲ್ಲ. ಪಶ್ಚಿಮ ಅಲಾಸ್ಕದ ಎಸ್ಕಿಮೊ ಎಂದು ಆಗ ಕರೆಯುತ್ತಿದ್ದ ಜನರಲ್ಲಿ ಅದು ಹೆಚ್ಚೆಂದು ೧೯೬೭ರಲ್ಲಿ ತಿಳಿದುಬಂದಿತು. ಹೆಚ್ಚಾಗಿರುವ ಇನ್ನೊಂದು ಸಮುದಾಯ ನಮ್ಮ ನಡುವಣ ವೈಶ್ಯ ಸಮುದಾಯ.

ಆಂಧ್ರ, ತೆಲಂಗಾಣ, ತಮಿಳುನಾಡು, ಕರ್ನಾಟಕಗಳಲ್ಲಿ ಹರಡಿಕೊಂಡಿರುವ ಆರ್ಯವೈಶ್ಯರು ಬಹುಕಾಲದಿಂದ ತಮ್ಮೊಳಗೇ ಮದುವೆಮಾಡಿಕೊಂಡು ಬಂದವರು. ಕೊಯಮತ್ತೂರಿನಲ್ಲಿ ಈ ಸಮುದಾಯದವರ ರಕ್ತವನ್ನು ಪರೀಕ್ಷಿಸಿದ ಮನೋಹರನ್, ಬೂಪತಿ ಮೊದಲಾದವರು, ಅಮೆರಿಕದ ಲಾಕ್‌ರಿಜ್ ಅವರ ಸಹಯೋಗದಲ್ಲಿ, ಕಿಣ್ವದ ೩೦೭ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಬಂದಿರುವುದೇ ಇವರಲ್ಲಿ ಕಿಣ್ವದ ಅಭಾವಕ್ಕೆ ಕಾರಣವೆಂದು ೨೦೦೬ರಲ್ಲಿ ಪ್ರಕಟಿಸಿದರು. ಈ ಒಂದು ಬದಲಾವಣೆಯಿಂದ ಪ್ರೋಟೀನು ಸ್ಥಿರವಾಗಿ ನಿಲ್ಲಲಾರದು. ಇಷ್ಟು ಮಂದಿಯಲ್ಲಿ ಒಂದೇ ಬದಲಾವಣೆ ಕಾಣುವುದು ಹೇಗೆ? ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅಮೆರಿಕದ ಡೇವಿಡ್ ರೈಖ್ ಮೊದಲಾದವರ ೨೦೦೯ರ ಅಧ್ಯಯನ ಇದಕ್ಕೆ ವಿವರಣೆಯನ್ನು ಕೊಡುತ್ತದೆ. ಅದರ ಪ್ರಕಾರ ವೈಶ್ಯರ ವಂಶಪರಂಪರೆ ನೂರಕ್ಕೂ ಹೆಚ್ಚು ತಲೆಮಾರುಗಳ ಹಿಂದೆ ಕೆಲವೇ ಪೂರ್ವಜರ ಮೂಲಕ ಹಾದುಬಂದಿದೆ. ಆ ಕೆಲವರಲ್ಲಿ ಒಬ್ಬನು ಹೊತ್ತಿದ್ದ ಜೀನು, ಹೊರಗಿನ ಮಿಶ್ರಣವಿಲ್ಲದೆ, ಈಗಿನ ದೊಡ್ಡ ಸಮುದಾಯದಲ್ಲಿ ಹರಡಿಕೊಂಡಿತು. ದಕ್ಷಿಣ ಏಷ್ಯದ ೨೬೦ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿದ ೨೦೧೭ರ ಅಧ್ಯಯನ, ಈ ಕಿಣ್ವದ ಅಭಾವ ವೈಶ್ಯರಲ್ಲಿ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚೆಂದು ಹೇಳಿ, ಸಕ್ಸಿನೈಲ್‌ಕೋಲಿನ್ ಮತ್ತು ಮೈವಕ್ಯೂರಿಯಂ ಇವರಿಗೆ ವರ್ಜ್ಯವೆಂಬುದನ್ನು ಉದಾಹರಣೆಯಾಗಿ ಎತ್ತಿಕೊಂಡಿದೆ. ಅದೇ ಅಧ್ಯಯನದಲ್ಲಿ ಇಂಥ ಸಂಕುಚಿತ ಮೂಲವುಳ್ಳ ಸಮುದಾಯಗಳು ಇನ್ನೂ ಹಲವು ಕಂಡಿವೆ. ಪ್ರತಿಯೊಂದರಲ್ಲಿಯೂ ಯಾವುದಾದರೂ ಒಂದು ಅಪರೂಪದ ಜೀನು ಹೀಗೆ ಹೆಚ್ಚಾಗಿರುವ ಸಂಭವವುಂಟು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಈ ಕಿಣ್ವದ ಅಭಾವ ರೋಗವಲ್ಲ. ಕಿಣ್ವವೇ ಇಲ್ಲದವರು ಎಲ್ಲರಂತೆಯೇ ಆರೋಗ್ಯವಾಗಿ ಬಾಳುತ್ತಾರೆ. ೨೦೦೭ರಲ್ಲಿ ವೈಶ್ಯ ಸಮುದಾಯದ ಅಂಥವರ ಆರೋಗ್ಯವನ್ನೇ ಕುರಿತು ಒಂದು ಪ್ರತ್ಯೇಕ ವರದಿ ಬಂದಿದೆ. ಪ್ರಕೃತಿ ಈ ಕಿಣ್ವವನ್ನು ಯಾವ ಕೆಲಸಕ್ಕೆ ಇಟ್ಟಿದೆಯೆಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ಇನ್ನೂ ದೊರೆತಿಲ್ಲ. ನಾವು ೧೯೫೧ರಲ್ಲಿ ಹೊಸ ಔಷಧವೊಂದನ್ನು ತಂದುದರಿಂದ, ನೂರಾರು ತಲೆಮಾರು ಯಾರಿಗೂ ತೊಂದರೆಕೊಡದೆ ಇದ್ದ ಜೀನು ಅಪಾಯದ ಜೀನಾಯಿತು. ಆದ್ದರಿಂದ ದೋಷವನ್ನು ಸಮುದಾಯದ ಮೇಲೆ ಹೊರಿಸುವುದಕ್ಕಿಂತ ಔಷಧ ಮತ್ತು ಜೀನುಗಳ ಸಂಧಿಯಲ್ಲಿ ಹುಡುಕುವುದೇ ನ್ಯಾಯ. ಜೊತೆಗೆ, ಸಮುದಾಯದ ಹೆಸರು ಕೇವಲ ಒಂದು ಸುಳಿವು. ವೈಶ್ಯರಲ್ಲಿ ಬಹುಸಂಖ್ಯಾತರಿಗೆ ಸಕ್ಸಿನೈಲ್‌ಕೋಲಿನಿನಿಂದ ಯಾವ ತೊಂದರೆಯೂ ಇಲ್ಲ, ಬೇರೆಯವರಲ್ಲಿ ಕೆಲವರಿಗೆ ಉಂಟು.

ಆಚರಣೆಯಲ್ಲಿ ಮಾಡಬೇಕಾದುದು ಕಷ್ಟವೇನಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು, ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ಎಚ್ಚರವಾಗುವುದು ತಡವಾಗಿತ್ತೆ, ಯಂತ್ರದ ಉಸಿರಾಟದಲ್ಲಿ ಇಡಬೇಕಾಗಿ ಬಂದಿತ್ತೆ ಎಂದು ಕೇಳುವುದು ಮೊದಲನೆಯದು. ಮಾನಸಿಕ ರೋಗಗಳಿಗೆ ವಿದ್ಯುತ್ ಚಿಕಿತ್ಸೆಯನ್ನು ಕೊಡುವಾಗಲೂ ಇದೇ ಔಷಧವನ್ನು ಬಳಸುವುದರಿಂದ ಅಲ್ಲಿಯೂ ಈ ಪ್ರಶ್ನೆ ಅಗತ್ಯ. ಸಂದೇಹ ಬಂದರೆ ರಕ್ತರಸದಲ್ಲಿ ಕಿಣ್ವದ ಒಟ್ಟು ಕಾರ್ಯವನ್ನು ಅಳೆಯಬೇಕು. ನಮ್ಮ ಪ್ರಾಂತದಲ್ಲಿ ಡೈಬುಕೇನ್ ಸಂಖ್ಯೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಸಕ್ಸಿನೈಲ್‌ಕೋಲಿನಿಗೆ ಬದಲಾಗಿ ಈ ಕಿಣ್ವವನ್ನು ಅವಲಂಬಿಸದ ರೋಕ್ಯುರೋನಿಯಂ ಮೊದಲಾದ ಔಷಧಗಳು ಈಗ ಉಂಟು. ಒಬ್ಬನಲ್ಲಿ ಅಭಾವ ಗೊತ್ತಾದರೆ ಅವನ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದೇ ಇರುವ ಸಂಭವ ನಾಲ್ಕರಲ್ಲಿ ಒಂದು. ಸೋದರ ಸಂಬಂಧದ ಮದುವೆಗಳು ನಡೆದ ಮನೆಗಳಲ್ಲಿ ಮುಂದಿನ ತಲೆಮಾರನ್ನೂ ನೋಡಬೇಕಾಗುತ್ತದೆ. ಗೊತ್ತಾದ ವಿಷಯವನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯಾಗಿ ರೋಗಿಯ ಕೈಯಲ್ಲಿ ಕೊಟ್ಟು ಕಳುಹಿಸಬೇಕು. ಮುಂದಿನ ಶಸ್ತ್ರಚಿಕಿತ್ಸೆ ಬೇರೆ ಊರಿನಲ್ಲಿ, ಬೇರೆ ವೈದ್ಯನ ಕೈಯಲ್ಲಿ ನಡೆಯಬಹುದು.

ಕೃಷಿಪ್ರಧಾನವಾದ ನಮ್ಮ ಜಿಲ್ಲೆಗಳ ಆಸ್ಪತ್ರೆಗಳಿಗೆ ಸಂಬಂಧಪಟ್ಟ ಇನ್ನೊಂದು ಅಂಶವೂ ಇದೆ. ರಂಜಕಯುಕ್ತ ಕೀಟನಾಶಕಗಳು ದೇಹಕ್ಕೆ ಸೇರಿದರೆ ಇದೇ ಕಿಣ್ವ ಅವುಗಳಿಗೆ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ಆದ್ದರಿಂದ ವಿಷ ಸೇವಿಸಿದವರ ರಕ್ತದಲ್ಲಿ ಕೋಲಿನೆಸ್ಟರೇಸ್ ಇಳಿದಿದೆಯೆ ಎಂದು ನೋಡುವುದು ವಾಡಿಕೆ. ಹುಟ್ಟಿನಿಂದಲೇ ಕಿಣ್ವವಿಲ್ಲದವನೊಬ್ಬನು ಬೇರಾವುದೋ ಕಾರಣದಿಂದ ಮೂರ್ಛೆಗೊಂಡು ಆಸ್ಪತ್ರೆಗೆ ಬಂದರೆ, ಪ್ರಯೋಗಾಲಯದ ಚೀಟಿ ಅವನನ್ನು ವಿಷ ಕುಡಿದವನೆಂದು ಹೇಳಿಬಿಡುವುದು. ಆಗ ವೈದ್ಯನು ವಿಷದ ಇತರ ಚಿಹ್ನೆಗಳಾದ ಕಿರಿದಾದ ಪಾಪೆ, ಜೊಲ್ಲು, ಬೆವರುಗಳನ್ನು ಹುಡುಕಬೇಕು. ಕೆಂಪು ರಕ್ತಕಣಗಳಲ್ಲಿರುವ ಇನ್ನೊಂದು ಕೋಲಿನೆಸ್ಟರೇಸನ್ನೂ ಅಳೆಯಿಸಬೇಕು. ಅದು ಬೇರೊಂದು ಜೀನಿನ ಕೃತಿಯಾದುದರಿಂದ ಈ ಮನೆತನಗಳಲ್ಲಿಯೂ ಸಹಜವಾಗಿಯೇ ಇರುತ್ತದೆ.